ಮಾಮಲೇದಾರರ ಕಣ್ಣು

"ಯಾರ ಹೋದ್ರೋ ಕೇದಾರಿ?" ಎಂದು ಎಲೆ ಅಂಗಡಿಯ ಮಾಳಪ್ಪ ಕಟ್ಟೆಯ ಮೇಲಿಂದಲೇ ಕೂಗಿದಾಗ ಕೇದಾರಿಗೆ ಸೈಕಲ್ಲನ್ನು ಅಲ್ಲೇ ಒಗೆದು ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಮನೆ ಬಿಟ್ಟು ಇನ್ನೂ ಎರಡು ಓಣಿ ದಾಟಿಲ್ಲ, ಈ ಪ್ರಶ್ನೆ ಇದು ಮೂರನೆಯ ಸಲ. ಸೈಕಲ್ಲಿನ ಹಿಂದೆ ಕ್ಯಾಮೆರಾದ ಪೆಟ್ಟಿಗೆ, ಹ್ಯಾಂಡಲ್ಲಿನ ಎರಡೂ ಕಡೆ ಒಂದೊಂದು ಗ್ಯಾಸಬತ್ತಿ, ಬೆನ್ನಿಗೆ ಕಟ್ಟಿಕೊಂಡ ಬಿದಿರಿನ ಚೌಕಟ್ಟು. ಇಷ್ಟು ಕಂಡರೆ ಗೋಕಾಕದ ಮಂದಿಗೆ ಬೇರೆ ಪ್ರಶ್ನೆ ಹೊಳೆಯುವುದೇ ಇಲ್ಲ. ಯಾರದೋ ಮನೆಯ ಪಡಸಾಲೆಯಲ್ಲಿ ಯಾರನ್ನೋ ಗೋಡೆಗೆ ಬೆನ್ನು ಹಚ್ಚಿ ಕೂರಿಸಿದ್ದಾರೆ, ಮೀಯಿಸಿ ಹಣೆತುಂಬ ವಿಭೂತಿ ಬಳಿದಿದ್ದಾರೆ, ಗದ್ದ ಕೆಳಗೆ ಬೀಳದಂತೆ ಅರಿವೆ ಕಟ್ಟಿ ಮೇಲಿನ ಗೂಟಕ್ಕೆ ಬಿಗಿದಿದ್ದಾರೆ, ಭಜನೆ ನಡೆದಿದೆ. ಹೊತ್ತು ಏರುವ ಮೊದಲು ಕೇದಾರಿ ಹೋಗಿ ಫೋಟೋ ಹೊಡೆಯಬೇಕು. ಕೂತ ಹೆಣದ ಫೋಟೋ. ಮೂಡಲಗಿಯಿಂದ ಯಮಕನಮರಡಿಯವರೆಗೆ, ಅತ್ತ ಹುಕ್ಕೇರಿಯವರೆಗೆ, ಲಿಂಗವಂತರ ಮನೆಗಳಲ್ಲಿ ಅವನು ತೆಗೆದ ಪಟ ತೂಗದ ಗೋಡೆ ಇಲ್ಲ. ಆದರೆ ಒಂದು ಮದುವೆಗೆ, ಒಂದು ತೊಟ್ಟಿಲಿಗೆ ಅವನನ್ನು ಕರೆದವರೂ ಇಲ್ಲ. "ಯಾರೂ ಹೋಗಿಲ್ಲೋ ಮಾರಾಯಾ," ಎಂದ ಹಲ್ಲು ಕಚ್ಚಿ. "ಮಾಮಲೇದಾರ ಸಾಹೇಬ್ರ ಫೋಟೋ ತಗ್ಯಾಕ ಹೊಂಟೇನಿ." ಮಾಳಪ್ಪ ಕೈಯಲ್ಲಿದ್ದ ಎಲೆಯ ಕಟ್ಟು ಕೆಳಗಿಟ್ಟ. "ಅಯ್ಯಯ್ಯ! ಸಾಹೇಬ್ರಿಗೆ ಏನಾತೋ? ನಿನ್ನಿ ಸಂಜೀಕ ಟಾಂಗಾದಾಗ ಹೊಂಟಿದ್ರಲ್ಲೋ, ಗಟ್ಟಿಮುಟ್ಟ ಇದ್ರು!" ಕೇದಾರಿ ಪೆಡಲು ತುಳಿದ.

ಇರಲಿ, ಇವತ್ತೊಂದು ದಿನ ಕೇಳಲಿ. ಬರುವ ಸೋಮವಾರ ಕಚೇರಿಯ ದೊಡ್ಡ ಕೋಣೆಯಲ್ಲಿ ಆ ಪಟ ಏರಿದ ಮೇಲೆ, ತಾಲೂಕಿನ ಮಂದಿ ಕಂದಾಯಕ್ಕೆ ಬಂದು ತಲೆಯೆತ್ತಿ ನೋಡಿದ ಮೇಲೆ, ಯಾರು ಏನು ಕೇಳುತ್ತಾರೋ ನೋಡೋಣ. ಅಲ್ಲಿ ಈವರೆಗೆ ಇದ್ದವೆಲ್ಲ ಹಿಂದಿನ ಮಾಮಲೇದಾರರು ಪುಣೆಯಲ್ಲೋ ಬೆಳಗಾವಿಯಲ್ಲೋ ತೆಗೆಸಿದ ಪಟಗಳು. ವೀರಪ್ಪ ಸಾಹೇಬರು ಮಾತ್ರ ಪೆನ್ಶನ್ನಿಗೆ ಎಂಟು ದಿನ ಉಳಿದಾಗ, ನಮ್ಮ ಊರಾಗ ಒಬ್ಬ ಅದಾನಲ್ಲ, ಅವನ್ನ ಕರೀರಿ ಅಂದಿದ್ದರಂತೆ. ಯಾಕೆ ಅಂದರೋ ಶಿವನೇ ಬಲ್ಲ. ಅವರ ಅವ್ವ ತೀರಿದಾಗ ಕೇದಾರಿಯೇ ಹೋಗಿ ತೆಗೆದಿದ್ದ, ಆ ಪಟಕ್ಕೆ ದಿನಾ ಕೈ ಮುಗಿದು ಮನೆ ಬಿಡುತ್ತಾರೆ ಎಂದು ಕೇಳಿದ್ದ. ಹಾಗಾದರೆ ಇದೂ ಹೆಣದ ದಾರಿಯಿಂದಲೇ ಬಂದ ಕರೆ ಎಂಬ ಯೋಚನೆ ಬಂದದ್ದೇ ಅದನ್ನು ನೊಣ ಓಡಿಸುವಂತೆ ಓಡಿಸಿದ. ಮೂಡಲಗಿಯಲ್ಲಿ ಹಿಂದಿನ ಬೇಸಿಗೆ ಕರೆಯದಿದ್ದರೂ ಒಂದು ಮದುವೆಗೆ ಹೋಗಿದ್ದ, ಸುಮ್ಮನೆ, ಹಂದರದಲ್ಲಿ ಕ್ಯಾಮೆರಾ ಇಟ್ಟುಕೊಂಡು ನಿಂತರೆ ಯಾರಾದರೂ ತೆಗೆ ಅಂದಾರು ಎಂದು. ಮದುಮಗಳ ಅಜ್ಜಿ ಅವನನ್ನು ಕಂಡದ್ದೇ ಹುಡುಗಿಯ ಮುಖಕ್ಕೆ ಸೆರಗು ಅಡ್ಡ ಹಿಡಿದು, "ಇವನ್ನ ಯಾರ್ ಕರದ್ರ?" ಎಂದು ಚೀರಿದ್ದಳು. ಊಟಕ್ಕೆ ಏಳಿರಿ ಎಂದರೂ ಎಲೆಯ ಮುಂದೆ ಅವನ ಬಾಜೂ ಯಾರೂ ಕೂರಲಿಲ್ಲ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಹೊರಗಿನವರ ಮಾತು ಹಾಳಾಗಿ ಹೋಗಲಿ, ಮನೆಯ ಪಾರವ್ವನೇ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ ಕ್ಯಾಮೆರಾದ ಮುಂದೆ ಕೂತಿಲ್ಲ. "ಆ ಕ್ಯಾಮೆರಾದ ಕಾಚು ಎಷ್ಟ ಮಂದಿ ಸತ್ತಾರನ್ನ ನೋಡೇತಿ, ನನ್ನ ತೋರಸಬ್ಯಾಡ್ರಿ ಅದಕ," ಅನ್ನುತ್ತಾಳೆ, ಜಗಳದ ದನಿಯಲ್ಲಲ್ಲ, ಅಕ್ಕಿ ಆರಿಸುತ್ತ, ಎಷ್ಟೋ ಸಹಜವಾಗಿ. ಅವಳ ಆ ಸಹಜತೆಗೇ ಅವನಿಗೆ ರೇಗುತ್ತಿತ್ತು. ಆದರೆ ಕಚೇರಿಯಿಂದ ಕರೆ ಬಂದ ದಿನ ಅವಳು ಕೈಯಲ್ಲಿನ ಅಕ್ಕಿಯ ಮೊರ ಕೆಳಗಿಟ್ಟು, "ಜೀವಂತ ಇದ್ದವರದು ಒಂದ ತಗದ ತೋರಸ್ರಿ ಮೊದಲ. ಅದು ಕಚೇರ್ಯಾಗ ಏರಲಿ. ಆಮ್ಯಾಲ ನಾನೂ ಕುಂದರ್ತೇನಿ," ಅಂದಿದ್ದಳು. ಅಂದವಳು ಟ್ರಂಕಿನಿಂದ ದಾಳಿಂಬೆ ಬಣ್ಣದ ಇಳಕಲ್ ಸೀರೆ ತೆಗೆದೂಬಿಟ್ಟಳು. ಕೆಂಪು ಬೇಡ, ನನ್ನ ಪ್ಲೇಟಿನಲ್ಲಿ ಕೆಂಪು ಕಪ್ಪಾಗಿ ಬರುತ್ತದೆ ಎಂದು ಅವನು ಹೇಳಿದ ಮೇಲೆ ಗಿಳಿಹಸಿರಿನದು ತೆಗೆದು ಹಗ್ಗದ ಮೇಲೆ ಗಾಳಿಗೆ ಹಾಕಿದಳು. ಇವತ್ತು ಬೆಳಿಗ್ಗೆ ಬೆಳಕು ನೋಡಲು ಬಾಗಿಲ ಹತ್ತಿರ ಒಂದು ಗಳಿಗೆ ನಿಲ್ಲು ಎಂದರೆ ಮಾತ್ರ ನಿಲ್ಲಲಿಲ್ಲ. ಒಳಗಿನಿಂದ ನೀರಿನ ಕೊಡ ತಂದು ಮಣೆಯ ಮೇಲಿಟ್ಟು ಅದಕ್ಕೆ ಅವನ ರುಮಾಲು ಸುತ್ತಿ, "ಇದರ ಮ್ಯಾಲ ನೋಡ್ಕೋರಿ ನಿಮ್ಮ ಬೆಳಕ," ಎಂದು ನಕ್ಕಳು. ಕೊಡಕ್ಕೆ ಬೆಳಕು ಚೆನ್ನಾಗಿಯೇ ಬಿದ್ದಿತ್ತು. ಒಂದು ಮಗ್ಗುಲು ಬಿಳುಪು, ಇನ್ನೊಂದು ಮಗ್ಗುಲು ಮೆಲ್ಲಗೆ ಕಪ್ಪಾಗುತ್ತ ಹೋಗಿ, ನಡುವೆ ದುಂಡಗೆ ಎದ್ದು ಬಂದಿತ್ತು. ಬೆಳಗಾವಿಯ ಸ್ಟುಡಿಯೋದ ಗಾಜಿನ ಕಪಾಟಿನೆದುರು ಅರ್ಧ ದಿನ ನಿಂತು ಅವನು ಕಲಿತದ್ದು ಅದೇ: ಜೀವ ಇದ್ದ ಮುಖಕ್ಕೆ ಒಂದು ಕಡೆ ನೆರಳು ಬೇಕು. ಹೆಣಕ್ಕೆ ಬೇಡ. ಹೆಣದ ಕೆನ್ನೆ ಮೊದಲೇ ಒಳಗೆ ಹೋಗಿರುತ್ತದೆ, ನೆರಳು ಬಿದ್ದರೆ ಮನೆಯವರು ಹೆದರುತ್ತಾರೆ. ಅದಕ್ಕೇ ಎರಡೂ ಬತ್ತಿ ಎರಡೂ ಕಡೆ, ತಗ್ಗಿನಲ್ಲಿ, ಸಮ.

ಕಚೇರಿಯ ಬಾಗಿಲು ಕಾಯುವ ಪಟ್ಟೆವಾಲಾ ಪರಸಪ್ಪ ಅವನನ್ನು ಮೆಟ್ಟಿಲ ಮೇಲೆಯೇ ತಡೆದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. "ಮುಂದಿನ ಬಾಗಲದಾಗಿಂದ ಬ್ಯಾಡಪಾ. ಮಂದಿ ಕುಂತೈತಿ. ನಿನ್ನ ಸಾಮಾನ ನೋಡಿ ಏನರ ತಿಳಕೊಂಡ್ರ ಬೊಬ್ಬಿ ಎದ್ದೀತು. ಹಿತ್ತಲಕಡೆ ಬಾ," ಎಂದ. ಮೆಟ್ಟಿಲ ಮೇಲೆ ಕಾಗದ ಹಿಡಿದು ಕೂತಿದ್ದ ಹತ್ತು ಹದಿನೈದು ಮಂದಿ ಇವನನ್ನೇ ನೋಡುತ್ತಿದ್ದರು. ಅವರಲ್ಲಿ ತಲೆಯ ಮೇಲೆ ಬಿಳಿ ಸೆರಗು ಹೊದ್ದ ಒಬ್ಬ ಮುದುಕಿ, "ಆರಾಮ ಅದೀಯೇನೋ ತಮ್ಮಾ?" ಅಂದಳು. ಮೇಲವಂಕಿಯ ಶಿವಗಂಗವ್ವ. ಗಂಡ ಲಕ್ಕಪ್ಪ ತೀರಿ ವರ್ಷವಾದರೂ ಹೊಲ ಮಗನ ಹೆಸರಿಗೆ ಹಚ್ಚಿಸಲು ಇನ್ನೂ ಓಡಾಡುತ್ತಿದ್ದಾಳೆ; ಒಳಗೆ ಹೋಗಿ ಸಾಹೇಬರ ಮುಖ ಸಹ ನೋಡಿಲ್ಲ, ಪರಸಪ್ಪನ ಮುಖ ಮಾತ್ರ ಬಾಯಿಪಾಠ. ಕೇದಾರಿ ಕೇಳಿಸದವನ ಹಾಗೆ ಸೈಕಲ್ ತಿರುಗಿಸಿಕೊಂಡು ಹಿತ್ತಲಿಗೆ ಹೋದ. ಅವಳನ್ನು ಕಂಡರೆ ಅವನಿಗೆ ಯಾಕೋ ಕಳವು ಮಾಡಿ ಸಿಕ್ಕಿಬಿದ್ದಂತಾಗುತ್ತದೆ, ಅದರ ಮಾತು ಈಗ ಬೇಡ.

ಸಾಹೇಬರ ಕೋಣೆಯಲ್ಲಿ ಕಿಟಕಿ ಒಂದೇ. ಶ್ರಾವಣದ ಮೋಡ ಬೇರೆ, ಆ ಕಿಟಕಿಯಿಂದ ಬರುವ ಬೆಳಕು ನೀರು ಬೆರೆಸಿದ ಮಜ್ಜಿಗೆಯಂತಿತ್ತು. ಹೊರಗೆ ಬೇವಿನ ಗಿಡದ ಹತ್ತಿರ ಕುರ್ಚಿ ಹಾಕಿದರೆ ಎರಡು ಎಣಿಸುವುದರಲ್ಲಿ ಮುಗಿಯುವ ಕೆಲಸ. ಆದರೆ ಸಾಹೇಬರಿಗೆ ತಮ್ಮ ಕುರ್ಚಿಯಲ್ಲೇ, ತಮ್ಮ ಮೇಜಿನ ಹಿಂದೆಯೇ, ಹಿಂದಿನ ಗೋಡೆಯ ಬಾದಶಹಾರ ಪಟದ ಕೆಳಗೇ ಆಗಬೇಕು. ಆಗಲಿ. ಕೇದಾರಿ ಬಿದಿರಿನ ಚೌಕಟ್ಟು ಬಿಚ್ಚಿ ನಿಲ್ಲಿಸಿ ಅದಕ್ಕೆ ತನ್ನ ಬಿಳಿ ಧೋತರ ಬಿಗಿದ, ಕಿಟಕಿಯ ಬೆಳಕು ಅದಕ್ಕೆ ಬಡಿದು ಸಾಹೇಬರ ಮುಖದ ಆಚೆ ಮಗ್ಗುಲಿಗೆ ಮೆಲ್ಲಗೆ ಬೀಳಲಿ ಎಂದು. ಎಣ್ಣೆಯ ಡಬ್ಬಿ ಸೀಳಿ ತಟ್ಟಿ ಮರಳಿನಿಂದ ತಿಕ್ಕಿದ ತಗಡನ್ನು ಒಂದು ಗ್ಯಾಸಬತ್ತಿಯ ಹಿಂದೆ ಕಟ್ಟಿದ. ಬತ್ತಿ ಎತ್ತರಕ್ಕೆ ಬೇಕಿತ್ತು, ತಲೆಗಿಂತ ಮೇಲೆ. ಕಪಾಟಿನ ಮೇಲಿನ ದಫ್ತರದ ಗಂಟುಗಳ ಮೇಲೆ ಇಡಹೋದರೆ ಪರಸಪ್ಪ ಹೌಹಾರಿದ. "ಏಯ್, ಬೆಂಕಿ ಹತ್ತಿದ್ರ ಇಡೀ ತಾಲೂಕಿನ ಹೊಲದ ಉತಾರ ಬೂದಿ ಆಕ್ಕಾವು!" ಕೊನೆಗೆ ಒಂದು ಸ್ಟೂಲಿನ ಮೇಲೆ ಇನ್ನೊಂದು ಸ್ಟೂಲು ಇಟ್ಟು, ಅದರ ಮೇಲೆ ಬತ್ತಿ ಇಟ್ಟ. ಅದು ಅಲುಗಿತು. ಅಲುಗಲಿ. ನೆರಳು ಕುರ್ಚಿಯ ಬೆನ್ನಿನ ಮೇಲೆ ಬಿದ್ದದ್ದು ನೋಡಿ ಅವನಿಗೆ ಬೆಳಗಿನ ಕೊಡ ನೆನಪಾಗಿ ಎದೆ ಹಗುರಾಯಿತು.

ವೀರಪ್ಪ ಸಾಹೇಬರು ಬಂದರು, ಕೂತರು, ಮೂಗು ಅರಳಿಸಿದರು. ಎತ್ತರದ ಆಳು, ಕೆಂಪು ರುಮಾಲು, ಹಣೆಯ ಮೇಲೆ ಮೂರು ಬೆರಳ ವಿಭೂತಿ ಅಚ್ಚೊತ್ತಿದಂತೆ. "ಏನೋ ಇದು ವಾಸನಿ? ಲೋಬಾನದ ವಾಸನಿ ಬರಾಕತ್ತೇತಲ್ಲಾ," ಅಂದರು. ಕೇದಾರಿಯ ಕಣ್ಣು ಧೋತರದ ಕಡೆ ಹೋಯಿತು. ಧೋತರವನ್ನು ಪಾರವ್ವ ಸವಳು ಹಾಕಿ ಒಗೆದು ನೀಲಿ ಕೊಟ್ಟಿದ್ದಳು, ಎರಡು ದಿನ ಬಿಸಿಲಿಗೆ ಹಾಕಿದ್ದಳು. ಎಷ್ಟು ಸಾವಿನ ಮನೆಗಳ ಲೋಬಾನದ ಹೊಗೆ ಕುಡಿದಿದೆಯೋ ಅದು, ಗ್ಯಾಸಬತ್ತಿಯ ಕಾವು ತಾಗಿದ್ದೇ ಬಿಟ್ಟುಕೊಟ್ಟಿತ್ತು. "ಗ್ಯಾಸಿನ ವಾಸನಿರಿ ಸಾಹೇಬ್ರ," ಎಂದ. ಸಾಹೇಬರು ಇನ್ನೊಮ್ಮೆ ಮೂಸಿ ನೋಡಿ ಸುಮ್ಮನಾದರು. ಆದರೆ ಪರಸಪ್ಪ ಬಾಗಿಲ ಹತ್ತಿರ ಬಾಯಿಗೆ ಅಂಗವಸ್ತ್ರ ಹಿಡಿದು ನಗುತ್ತಿದ್ದುದು ಕೇದಾರಿಗೆ ಕರಿಬಟ್ಟೆಯೊಳಗೆ ತಲೆ ತೂರಿಸಿದ ಮೇಲೂ ಕಾಣುತ್ತಲೇ ಇತ್ತು. ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಸಾಹೇಬರು ತಲೆಕೆಳಗಾಗಿ ಕೂತಿದ್ದರು. ಮೂಗಿನ ಒಂದು ಬದಿ ನೆರಳು, ಕಣ್ಣಲ್ಲಿ ಬತ್ತಿಯ ಎರಡು ಚುಕ್ಕೆ. ಜೀವಂತ ಕಣ್ಣು. ಆ ಚುಕ್ಕೆ ಅಲುಗುತ್ತಿದ್ದವು! ಹನ್ನೊಂದು ವರ್ಷದಲ್ಲಿ ತನ್ನ ಗಾಜಿನ ಮೇಲೆ ಯಾವುದೂ ತಾನಾಗಿ ಅಲುಗಿದ್ದು ಅವನು ಕಂಡಿರಲಿಲ್ಲ, ಕಣ್ತುಂಬಿ ಬಂತು.

ಪ್ಲೇಟು ಇದ್ದದ್ದು ಎರಡೇ. ಬೆಳಗಾವಿಯಿಂದ ಹೊಸ ಡಬ್ಬಿ ಬರಲು ವಾರ ಬೇಕು. "ಸಾಹೇಬ್ರ, ನಾ ಮುಚ್ಚಳಾ ತಗದ ಮ್ಯಾಲ ಎಂಟ ಎಣಸೂತನಕ ಅಲಗಬಾರದ್ರಿ, ರೆಪ್ಪಿ ಬಡದ್ರ ನಡೀತೈತ್ರಿ, ಮುಖಾ ಮಾತ್ರ ಹಂಗ ಇರಬೇಕ್ರಿ," ಎಂದು ಹೇಳಿ ಕ್ಯಾಮೆರಾದ ಕಾಚಿನ ಮುಚ್ಚಳ ತೆಗೆದ. ಒಂದು, ಎರಡು, ಎಂದು ಮನಸ್ಸಿನಲ್ಲೇ ಎಣಿಸಿದ. ಮೂರಕ್ಕೆ ಸಾಹೇಬರ ಮೂಗಿನ ಮೇಲೆ ಬೆವರಿನ ಹನಿ ಇಳಿಯಿತು. ನಾಲ್ಕಕ್ಕೆ ಅವರು ಅದನ್ನು ಒರೆಸಿಕೊಂಡರು. "ಆತೇನೋ?" ಅಂದರು. ಕೇದಾರಿ ಮುಚ್ಚಳ ಹಾಕಿದ. ಒಂದು ಪ್ಲೇಟು ಹೊಳೆಯ ಪಾಲಾಯಿತು. "ಇನ್ನೊಂದು ಸಲರಿ ಸಾಹೇಬ್ರ, ಬೆಳಕ ಸಾಲಲಿಲ್ಲ," ಎಂದು ತಪ್ಪನ್ನು ತನ್ನ ತಲೆಗೇ ಹಾಕಿಕೊಂಡ. "ಎಷ್ಟೋ ನಿಂದು? ನಮ್ಮ ಅವ್ವನ್ನ ತಗದಾಗ ಒಂದ ಸಲಕ್ಕ ಮುಗಿಸಿದ್ದೆಲ್ಲಾ," ಎಂದರು ಸಾಹೇಬರು. ಅವ್ವ ಮೂಗು ಒರೆಸಿಕೊಂಡಿರಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ನುಂಗಿದ. ಸ್ಟೂಲಿನ ಮೇಲಿನ ಬತ್ತಿ ಭುಸುಗುಟ್ಟಿತು. ಅದರ ಕಾವಿನಿಂದಲೇ ಬೆವರು. ಅದನ್ನು ಕೆಳಗಿಳಿಸಿದ. ಇಳಿಸಿದ ಮೇಲೆ ಒಂದು ಮಗ್ಗುಲು ತೀರ ಕಪ್ಪಾಯಿತು, ಅದಕ್ಕೆಂದು ಎರಡನೆಯ ಬತ್ತಿಯನ್ನೂ ಹಚ್ಚಿ ಆ ಮಗ್ಗುಲಿಗೆ ಇಟ್ಟ. ಎಲ್ಲಿ ಇಡಬೇಕೆಂದು ಕೈಗಳಿಗೆ ಗೊತ್ತಿತ್ತು. ಎರಡೂ ಕಡೆ, ತಗ್ಗಿನಲ್ಲಿ, ಸಮ. ತಾನು ಏನು ಮಾಡಿದೆ ಎಂಬುದು ಅವನಿಗೆ ತಿಳಿದದ್ದು ಮುಚ್ಚಳ ತೆಗೆದ ಮೇಲೆ.

ಅಷ್ಟರಲ್ಲಿ ಬಾಯಿಯೂ ಕೈಯ ದಾರಿಯನ್ನೇ ಹಿಡಿದಿತ್ತು. ಸತ್ತವರ ಪಡಸಾಲೆಯಲ್ಲಿ ಅವನು ಒಂದು ಎರಡು ಎಂದು ಎಣಿಸುವುದಿಲ್ಲ. ಅತ್ತು ಕರೆಯುವವರ ನಡುವೆ ಹೆಣದ ಮುಂದೆ ನಿಂತು ಲೆಕ್ಕ ಹೇಳುವುದು ಚೆನ್ನಾಗಿರುವುದಿಲ್ಲ. ಒಂದೊಂದು ಎಣಿಕೆಗೂ ಒಂದೊಂದು ಓಂ ನಮಃ ಶಿವಾಯ. ಎಂಟು ಸಲ ಅಂದರೆ ಎಂಟು ಎಣಿಕೆ, ಗಡಿಯಾರಕ್ಕಿಂತ ಬರೋಬರಿ. ಮನೆಯವರೂ ಭಕ್ತಿ ಎಂದುಕೊಳ್ಳುತ್ತಾರೆ. ಈಗಲೂ ಅದೇ ಹೊರಟಿತ್ತು, ಗಟ್ಟಿಯಾಗಿ, ತೂಗಿ ತೂಗಿ: ಓಂ ನಮಃ ಶಿವಾಯ, ಓಂ ನಮಃ ಶಿವಾಯ. ಎರಡನೆಯದಕ್ಕೆ ಸಾಹೇಬರ ಮುಖದ ಬಿಗಿ ಸಡಿಲಿತು. ಹುಟ್ಟಿದಂದಿನಿಂದ ಆ ನಾಮ ಕೇಳಿದಾಗ ಮಾಡುತ್ತ ಬಂದದ್ದನ್ನೇ ಅವರು ಈಗಲೂ ಮಾಡಿದರು. ಮೂರನೆಯದಕ್ಕೆ ಅವರ ಕಣ್ಣು ಮುಚ್ಚಿದವು, ತಲೆ ಕೂದಲೆಳೆಯಷ್ಟು ಬಾಗಿತು, ಎಡಗೈ ಅಂಗಿಯ ಮೇಲಿನಿಂದಲೇ ಎದೆಯ ಲಿಂಗವನ್ನು ಹುಡುಕಿ ಅಲ್ಲೇ ನಿಂತಿತು. ಕೇದಾರಿಗೆ ಕಂಡಿತು. ಆಗಲೇ ಮುಚ್ಚಳ ಹಾಕಬೇಕಿತ್ತು, ಸಾಹೇಬ್ರ ಕಣ್ಣು ಎಂದು ಕೂಗಬೇಕಿತ್ತು. ಆದರೆ ಬೆಳಗಿನಿಂದ ಸೆಟೆದು, ಬೆವರಿ, ಮೂಸಿ ಸತಾಯಿಸಿದ ಆ ಮುಖ ಈಗ ಎಷ್ಟು ಶಾಂತವಾಗಿತ್ತೆಂದರೆ, ಬೆಳಕು ಎಷ್ಟು ಸರಿಯಾಗಿ ಕೂತಿತ್ತೆಂದರೆ, ಅವನ ಕೈ ಏಳಲಿಲ್ಲ. ಈ ಮುಖ ಅವನಿಗೆ ಗೊತ್ತಿತ್ತು. ಇದನ್ನು ತೆಗೆಯುವುದು ಅವನಿಗೆ ಬರುತ್ತಿತ್ತು. ಎಂಟೂ ಮುಗಿಸಿಯೇ ಮುಚ್ಚಳ ಹಾಕಿದ. ಸಾಹೇಬರು ನಿದ್ದೆಯಿಂದ ಎದ್ದವರಂತೆ ಕಣ್ಣು ತೆರೆದು, ಸ್ವಲ್ಪ ನಾಚಿ, "ನಾ ಕಣ್ಣ ಮುಚ್ಚಿದ್ನ್ಯಾ?" ಎಂದು ಕೇಳಿದರು. "ಇಲ್ರಿ ಸಾಹೇಬ್ರ," ಎಂದ ಕೇದಾರಿ. "ಭಾಳ ಚಲೋ ಬಂದೈತ್ರಿ."

ಅಡಿಗೆಮನೆಯ ಹಿಂದಿನ ಕತ್ತಲಕೋಣೆಯಲ್ಲಿ, ಕೆಂಪು ಕಾಗದ ಸುತ್ತಿದ ಲಾಟೀನಿನ ಮುಂದೆ, ಅಗಲ ಪರಾತದಲ್ಲಿನ ಔಷಧದ ನೀರಿನೊಳಗೆ ಪ್ಲೇಟು ಮೆಲ್ಲಗೆ ಮೂಡಿ ಬಂತು. ಕಣ್ಣು ಮುಚ್ಚಿಯೇ ಇದ್ದವು. ಮೊದಲೆರಡು ಎಣಿಕೆಯ ತೆರೆದ ಕಣ್ಣು ರೆಪ್ಪೆಯ ಕೆಳಗೆ ಬೂದಿಯಷ್ಟು ಉಳಿದಿತ್ತು, ಅದರಿಂದ ಇನ್ನೂ ಕೆಟ್ಟದಾಗಿತ್ತು. ಹೋಗಿ ಕಾಲು ಹಿಡಿದು ಇನ್ನೊಂದು ಸಲ ಕೂರಿರಿ ಅನ್ನಬಹುದು. ಪ್ಲೇಟು ಇಲ್ಲ, ಸೋಮವಾರದೊಳಗೆ ಬರುವುದಿಲ್ಲ, ಬಂದರೂ ಇಲ್ರಿ ಅಂದ ಬಾಯಿಯಿಂದ ಹೌದ್ರಿ ಎನ್ನುವುದು ಹೇಗೆ? ಹೊರಗೆ ಪಾರವ್ವ, "ಹೆಂಗ ಬಂದೈತ್ರಿ?" ಎಂದು ಕೇಳಿದಳು. ಹನ್ನೊಂದು ವರ್ಷದಲ್ಲಿ ಅವಳು ಆ ಬಾಗಿಲಿಗೆ ಬಂದು ಹೀಗೆ ಕೇಳಿದ್ದು ಅದೇ ಮೊದಲು. "ಬಂದೈತಿ," ಎಂದ ಒಳಗಿನಿಂದ. "ಜೀವಂತ ಇದ್ದಂಗ ಬಂದೈತಿ?" "ಬಂದೈತಿ ಅಂದ್ನೆಲ್ಲಾ!" ಎಂದು ಒದರಿದ. ಒದರಿದ್ದಕ್ಕೆ ಅವಳು ಬೇಸರ ಮಾಡಿಕೊಳ್ಳದೆ ಏನೋ ಹಾಡು ಗುನುಗುತ್ತ ಹೋದಳು.

ಉಪಾಯ ಒಂದಿತ್ತು, ಮತ್ತು ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕೆಲವು ಮನೆಯವರು ಕೇಳುತ್ತಾರೆ, ಕಣ್ಣು ಮುಚ್ಚಿದ್ದು ನೋಡಲಾಗುವುದಿಲ್ಲ, ತೆರೆದ ಹಾಗೆ ಮಾಡಿಕೊಡು ಎಂದು. ಆಗ ಅಚ್ಚು ಹಾಕಿದ ಕಾಗದದ ಮೇಲೆ ಅವನು ಕಣ್ಣು ಬರೆಯುತ್ತಾನೆ. ಗೊಂಬೆ ಮಾಡುವವರ ಓಣಿಯಿಂದ ತಂದ ಅಳಿಲುಗೂದಲಿನ ಕುಂಚ, ಅದರಲ್ಲಿ ಮೂರೇ ಕೂದಲು. ಸತ್ತವನ ಕಣ್ಣು ಹೇಗಿದ್ದವೋ ಅವನೇನು ಕಂಡಿದ್ದಾನೆಯೇ? ಕಿಟಕಿಗೆ ಕನ್ನಡಿ ಒರಗಿಸಿ ತನ್ನವೇ ನೋಡಿ ಬರೆಯುತ್ತಾನೆ. ಸ್ವಲ್ಪ ಕೆಳಗಿಳಿದ ಎಡಗಡೆಯ ರೆಪ್ಪೆ ಸುದ್ದಾ. ಲಕ್ಕಪ್ಪನಿಗೂ ಹಾಗೇ ಬರೆದುಕೊಟ್ಟಿದ್ದ. ಶಿವಗಂಗವ್ವ ಆ ಪಟವನ್ನು ಎರಡೂ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿ, "ಇದ್ದಾಗ ಒಂದ ದಿನಾರ ನನ್ನ ಹಿಂಗ ನೋಡಿರಲಿಲ್ಲೋ ತಮ್ಮಾ," ಎಂದು ಅತ್ತಿದ್ದಳು. ಆಮೇಲೆ ಮೇಲವಂಕಿಯ ದಾರಿಯಲ್ಲಿ ಹೋದಾಗೊಮ್ಮೆ ಒಳಗೆ ಕರೆದು ತೋರಿಸಿದ್ದಳು. ಮಲಗುವ ಮಂಚದ ಎದುರಿಗೇ ಹಾಕಿಕೊಂಡಿದ್ದಳು. ಶೇವಂತಿಗೆ ಮಾಲೆಯ ನಡುವಿನಿಂದ ತನ್ನ ಕಣ್ಣು ಆ ಮಂಚವನ್ನು ನೋಡುತ್ತಿದ್ದುದು ಕಂಡು ಕೇದಾರಿ ನೀರು ಸಹ ಕುಡಿಯದೆ ಹೊರಬಿದ್ದಿದ್ದ. ಅಂದೇ ಆಣೆ ಮಾಡಿಕೊಂಡಿದ್ದ, ಇನ್ನು ಯಾರಿಗೂ ಕಣ್ಣು ಬರೆಯುವುದಿಲ್ಲವೆಂದು. ಈಗ ಕನ್ನಡಿ ಒರೆಸಿ ಕಿಟಕಿಗೆ ಇಟ್ಟ. ಬದುಕಿದವನಿಗೆ ಬರೆಯುವುದು ಬೇರೆ, ಎಂದು ಗಟ್ಟಿಯಾಗಿ ಹೇಳಿಕೊಂಡ. ಸಾಹೇಬರ ಕಣ್ಣು ಹೇಗಿದ್ದವು? ಬತ್ತಿಯ ಎರಡು ಚುಕ್ಕೆ ನೆನಪಿದ್ದವು, ಅಷ್ಟೇ. ಎಷ್ಟು ತಿಣುಕಿದರೂ ಉಳಿದದ್ದು ನೆನಪಿಗೆ ಬರಲಿಲ್ಲ. ಕುಂಚವನ್ನು ತುಟಿಗೆ ತಾಗಿಸಿ ಮೊನೆ ಮಾಡಿಕೊಂಡು ಕನ್ನಡಿಗೆ ಬಾಗಿದ.

ಸೋಮವಾರ ಪಟ ಏರಿತು. ಸಾಹೇಬರು ಅದನ್ನು ಹತ್ತಿರದಿಂದ ನೋಡಿ, ದೂರ ಹೋಗಿ ನೋಡಿ, "ಕಣ್ಣ ಭಾಳ ಚಲೋ ಬಂದಾವಲ್ಲೋ," ಅಂದರು. ಕಾರಕೂನರೆಲ್ಲ ಹೌದ್ರಿ ಹೌದ್ರಿ ಅಂದರು. ಎಲೆಯಡಿಕೆ ಹಂಚಿದರು. ಪರಸಪ್ಪ ಎರಡು ಮಾಲೆ ತಂದಿದ್ದ: ಒಂದು ಸಾಹೇಬರ ಕೊರಳಿಗೆ, ಇನ್ನೊಂದು ಯಾರೂ ಹೇಳದಿದ್ದರೂ ಪಟಕ್ಕೆ. ಸಾಹೇಬರು ತಮ್ಮದನ್ನು ರೂಢಿಯಂತೆ ತೆಗೆದು ಅವನ ಕೈಗೇ ಕೊಟ್ಟು ಕಾರಕೂನರ ಸಾಲಿನ ಹಿಂದಿನ ಕುರ್ಚಿಯಲ್ಲಿ ಕೂತರು. ಒಬ್ಬ ಕಾರಕೂನ ಕೇದಾರಿಯ ಹೆಗಲು ತಟ್ಟಿ, ಕಾರ್ತಿಕ ಕಳೆದ ಮೇಲೆ ನಮ್ಮ ತಂಗಿಯ ಮದುವೆ ಇದೆ, ಬರ್ತೀಯೇನು ಅಂದ. ಬರ್ತೀಯೇನು! ಬೆಳಿಗ್ಗೆ ಹೊರಡುವಾಗ ಪಾರವ್ವ ತಲೆಗೆ ನೀರು ಹಾಕಿಕೊಂಡು ಕೂದಲು ಆರಿಸುತ್ತಿದ್ದಳು, ಬೆಳಗಾವಿಯಿಂದ ಪ್ಲೇಟಿನ ಡಬ್ಬಿಯೂ ಆಗಷ್ಟೇ ಬಂದಿತ್ತು. ಗೋಡೆಯ ಕಡೆ ನೋಡದಿದ್ದರೆ ಆಯಿತು. ಹಾಗೆ ಅಂದುಕೊಂಡು ಗೋಡೆಗೆ ಬೆನ್ನು ಮಾಡಿ ನಿಂತ.

ಬಾಗಿಲು ತೆರೆದಿತ್ತು, ಪರಸಪ್ಪನ ಕೈಯಲ್ಲಿ ತಟ್ಟೆ ಇತ್ತು, ಹಾಗಾಗಿ ಶಿವಗಂಗವ್ವನನ್ನು ತಡೆಯಲು ಯಾರೂ ಇರಲಿಲ್ಲ. ಸಾಹೇಬರ ಪಟ ಏರಿಸುತ್ತಿದ್ದಾರೆಂದು ಮೆಟ್ಟಿಲ ಮೇಲೆ ಕೇಳಿದ್ದವಳು ಕಾಗದ ಹಿಡಿದು ಒಳಗೆ ಬಂದು, ಮಾಲೆ ಹಾಕಿದ ಪಟ ಕಂಡು ಗಪ್ಪನೆ ನಿಂತಳು. ಚಪ್ಪಲಿ ಬಿಟ್ಟಳು, ಸೆರಗು ಸರಿಮಾಡಿಕೊಂಡಳು, ಮಂದಿಯ ನಡುವೆ ಹಾದು ಗೋಡೆಯ ಹತ್ತಿರ ಹೋಗಿ ಎರಡೂ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡಳು. "ಅಯ್ಯ ಶಿವನ! ಸಾಹೇಬ್ರು ಯಾವಾಗ ಲಿಂಗೈಕ್ಯ ಆದ್ರು? ನನ್ನ ಕಾಗದಾ ಇನ್ನ ಯಾರ ಕೈಯಾಗ ಕೊಡ್ಲಿ?" ಅವಳು ತಿರುಗಿ ಕೇದಾರಿಯನ್ನು ಕಂಡಳು, ಮುಖ ಅರಳಿತು. "ನೀನ ತಗದಿ ಹೌದಿಲ್ಲೋ ತಮ್ಮಾ? ನೋಡಿದ್ದ ಗೊತ್ತಾತು ನನಗ. ನಮ್ಮ ಮನಿಯವ್ರಿಗೆ ಕೊಟ್ಟ ಕಣ್ಣ ಇವು." ಕಾರಕೂನರಿಗೂ ತಿಳಿಯಲಿ ಎಂದು ಹೊಗಳುವ ದನಿಯಲ್ಲಿ ಹೇಳಿದಳು: "ಮುಚ್ಚಿದ ಕಣ್ಣ ತೆರಸತಾನ್ರಿ ಇಂವಾ. ಸತ್ತವರನ್ನ ಎಬ್ಬಿಸಿ ಕುಂದರಸತಾನ."

ಯಾರೋ ಒಬ್ಬ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಹಿಂದಿನ ಕುರ್ಚಿಯಿಂದ ವೀರಪ್ಪ ಸಾಹೇಬರು ಎದ್ದು ಬಂದರು. ಮುದುಕಿಯನ್ನು ನೋಡಲಿಲ್ಲ. ಪಟದ ಮುಂದೆ ನಿಂತು ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ ಕೇದಾರಿಯ ಮುಖ ನೋಡಿದರು, ಮತ್ತೆ ಪಟ ನೋಡಿದರು. "ಕೇದಾರಿ," ಅಂದರು, ಸಿಟ್ಟಿಲ್ಲದ ದನಿಯಲ್ಲಿ, "ನಾ ಕಣ್ಣ ಮುಚ್ಚಿದ್ದೆ ಹೌದಿಲ್ಲೋ?" ಉತ್ತರಕ್ಕೆ ಕಾಯದೆ ಪಟದ ಕಡೆ ಕೈ ಮಾಡಿದರು. "ಅದರ ಮಾಲಿ ತಗಿ." ಪರಸಪ್ಪ ಸ್ಟೂಲು ತಂದಿಟ್ಟ. ಕೇದಾರಿ ಏರಿ ನಿಂತಾಗ ಅವನ ಮುಖಕ್ಕೆ ಅವನದೇ ಕಣ್ಣು ಗೇಣು ದೂರದಲ್ಲಿ ಬಂದವು, ಕೆಂಪು ಹೋಗಿ ಕಪ್ಪಾದ ರುಮಾಲಿನ ಕೆಳಗೆ, ಇನ್ನೊಬ್ಬನ ವಿಭೂತಿಯ ಕೆಳಗೆ. ಮಾಲೆಯ ದಾರ ಮೊಳೆಗೆ ಸಿಕ್ಕಿಕೊಂಡು ಬಿಚ್ಚಿ ಬರಲಿಲ್ಲ. "ಇರ್ಲಿ ಬಿಡೋ ತಮ್ಮಾ, ಹೂವು ಇನ್ನೂ ತಾಜಾ ಅದಾವು," ಎಂದಳು ಕೆಳಗಿನಿಂದ ಶಿವಗಂಗವ್ವ. ಅವಳನ್ನು ಯಾರೋ ಹೊರಗೆ ಕರೆದೊಯ್ದರು. ಅವನು ದಾರ ಹರಿದು ಇಳಿದ. ಮಾಲೆ ಹಿಡಿದ ಕೈಯನ್ನು ಪರಸಪ್ಪನ ಕಡೆ ಚಾಚಿದರೆ ಪರಸಪ್ಪ ಹಿಂದೆ ಸರಿದ; ಮದುವೆಗೆ ಕರೆದ ಕಾರಕೂನ ಕಿಟಕಿಯ ಹೊರಗೆ ನೋಡುತ್ತಿದ್ದ.

ಅದನ್ನು ಎಲ್ಲಿ ಒಗೆಯುವುದು? ಹೂವನ್ನು ತುಳಿಯುವ ಜಾಗದಲ್ಲಿ ಒಗೆಯಬಾರದು, ಹೊಳೆಗೆ ಬಿಡಬೇಕು. ಹೊಳೆ ದೂರ, ಕಾಲು ತಾವಾಗಿ ಮನೆಯ ಕಡೆ ನಡೆದಿದ್ದವು. ಎಲೆ ಅಂಗಡಿಯ ಮಾಳಪ್ಪ ಕೈಯಲ್ಲಿನ ಮಾಲೆ ನೋಡಿ ಬಾಯಿ ತೆರೆದ, ಕೇದಾರಿಯ ಮುಖ ನೋಡಿ ಮುಚ್ಚಿದ. ಮನೆಯ ಬಾಗಿಲಲ್ಲಿ, ಮೋಡ ಸರಿದು ಬಂದ ತಿಳಿಬಿಸಿಲಿನಲ್ಲಿ, ಮಣೆಯ ಮೇಲೆ ಪಾರವ್ವ ಕೂತಿದ್ದಳು. ಗಿಳಿಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಲಲ್ಲಿ ಜೋಡಿಸಿಟ್ಟ ಎರಡೂ ಕೈ. ಒಂದು ಕೆನ್ನೆಯ ಮೇಲೆ ಬೆಳಕು, ಇನ್ನೊಂದರ ಮೇಲೆ ಮೆಲ್ಲಗೆ ಇಳಿಯುವ ನೆರಳು. ಇದಕ್ಕಾಗಿ ಅವನು ಹನ್ನೊಂದು ವರ್ಷ ಕಾದಿದ್ದ. ಅವಳ ಕಣ್ಣು ಅವನ ಕೈಗೆ ಹೋದವು, ನಾಚಿ ನಕ್ಕಳು. "ನನಗ ಹೂವಾ ತಂದ್ರೇನು? ಕೊಡ್ರಿ, ಮುಡಕೊಂಡ ಕುಂದರ್ತೇನಿ," ಎಂದು ಕೈ ಚಾಚಿದಳು.

"ಬ್ಯಾಡ!" ಎಂದು ಚೀರಿದ ಕೇದಾರಿ. ಮಾಲೆಯನ್ನು ಬೆನ್ನ ಹಿಂದೆ ಹಿಡಿದ. "ಮುಟ್ಟಬ್ಯಾಡ. ಪಾರೂ, ಅದನ್ನ ಮುಟ್ಟಬ್ಯಾಡ." ಚಾಚಿದ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಅವಳು ಅವನ ಮುಖವನ್ನು ನೋಡಿದಳು. ಎದ್ದು, ಮಣೆಯನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಹೋದಳು. ಬಿಸಿಲು ಖಾಲಿ ಜಾಗದಲ್ಲಿ ಹಾಗೆಯೇ ಬಿದ್ದಿತ್ತು. ಒಳಗೆ ಸೀರೆಯ ಟ್ರಂಕಿನ ಮುಚ್ಚಳ ತೆರೆದ ಸಪ್ಪಳ ಕೇಳಿಸಿತು.